ಕಾವಲಿನಲ್ಲಿ ಪೊದೆ ಎಣಿಸಲು 50 ಮೀಟರ್ ಫೈಬರ್‌ಗ್ಲಾಸ್ ಟೇಪು: ತಗೊಳ್ಳಬಹುದಾ?

ಅರಸೀಕೆರೆ, ಕಡೂರು ಕಡೆಯ ಅಮೃತ ಮಹಲ್ ಕಾವಲುಗಳಲ್ಲಿ (ದನ ಮೇಯುವ ಹುಲ್ಲುಗಾವಲು) ತಂಗಡಿ, ಬಂದರೆ, ಲಂಟಾನ ಪೊದೆಗಳನ್ನು ಎಣಿಸುವವರು ಧೈರ್ಯವಾಗಿ ತಗೊಳ್ಳಿ. ಆದರೆ ತೆರೆದ ಚೌಕಟ್ಟಿನದೇ ಇರಲಿ. ಮುಚ್ಚಿದ ಡಬ್ಬಿಯೊಳಗೆ ಮಣ್ಣು, ಹುಲ್ಲಿನ ಬೀಜ ಹೊಕ್ಕರೆ ಹಿಡಿಕೆ ತಿರುಗುವುದಿಲ್ಲ. ತೆರೆದದ್ದನ್ನು ನೀರಲ್ಲಿ ತೊಳೆದರೆ ಆಯ್ತು. ನೈಲಾನ್ ಹಗ್ಗವಂತೂ ಬೇಡವೇ ಬೇಡ, ಎಳೆದಷ್ಟೂ ಹಿಗ್ಗುತ್ತದೆ.

ಟೇಪನ್ನು ಪೊದೆಯ ಮೇಲಿಂದ ಎಳೆಯದೆ ಬುಡದ ಮಟ್ಟದಲ್ಲಿ ತೂರಿಸಿ, ಎರಡೂ ತುದಿಗೆ ಗೂಟ ಹೊಡೆಯಿರಿ. ಸಡಿಲ ಬಿಟ್ಟರೆ ಗಾಳಿಗೆ ಬಿಲ್ಲಿನಂತೆ ಬಾಗಿ ಎಣಿಸುವ ಪಟ್ಟಿಯ ಜಾಗವೇ ಬದಲಾಗುತ್ತದೆ. ಎರಡೂ ಮಗ್ಗುಲಿಗೆ 1 ಮೀಟರ್ ಕೋಲು ಹಿಡಿದು ನಡೆದರೆ 100 ಚದರ ಮೀಟರ್ ಪಟ್ಟಿ ಸಿಗುತ್ತದೆ. ಅದರಲ್ಲಿ 18 ತಂಗಡಿ ಇದ್ದರೆ ಹೆಕ್ಟೇರಿಗೆ 1,800 ಲೆಕ್ಕ. ಬುಡ ಪಟ್ಟಿಯೊಳಗಿದ್ದರೆ ಮಾತ್ರ ಎಣಿಸಿ. ಕೊಂಬೆ ಚಾಚಿದ್ದು ಲೆಕ್ಕಕ್ಕಿಲ್ಲ. ಪಟ್ಟಿಯ ಅಂಚಿನ ಗೆರೆಯ ಮೇಲೇ ಬುಡವಿದ್ದರೆ ಎಡಗಡೆಯದು ಸೇರಿಸಿ, ಬಲಗಡೆಯದು ಬಿಡಿ. ಲಂಟಾನ ಎಚ್ಚರ: ನೆಲಕ್ಕೆ ತಾಗಿದ ರೆಂಬೆಯೂ ಬೇರು ಬಿಡುತ್ತದೆ. ಬುಡ ಬಗ್ಗಿ ನೋಡದಿದ್ದರೆ ಒಂದು ಗಿಡ ನಾಲ್ಕಾಗುತ್ತದೆ.

ಕೊರತೆ ಎರಡು. ಕಾರೆ ಮುಳ್ಳಿಗೆ ಸಿಕ್ಕಾಗ ಜಗ್ಗಿದರೆ ಮೇಲಿನ ಲೇಪ ಸುಲಿದು ಗಾಜಿನ ಎಳೆ ಕೈಗೆ ಚುಚ್ಚುತ್ತದೆ. ಸುತ್ತುವಾಗ ದಪ್ಪ ಬಟ್ಟೆಯಲ್ಲಿ ಹಿಡಿಯಿರಿ. ಅಳತೆಯ ಸೊನ್ನೆ ಕೆಲವು ಟೇಪಿನಲ್ಲಿ ತುದಿಯ ಬಳೆಯ ಹೊರ ಅಂಚಿಗೆ, ಕೆಲವದರಲ್ಲಿ ಬಳೆ ದಾಟಿದ ಮೇಲೆ, ಕೊಳ್ಳುವಾಗಲೇ ನೋಡಿ.

ಒಂದು ಬಿಂದುವಿನಿಂದ ನಾಲ್ಕು ದಿಕ್ಕಿನ ಹತ್ತಿರದ ಗಿಡಕ್ಕೆ ದೂರ ಅಳೆಯುವ ವಿಧಾನಕ್ಕೆ ಇಷ್ಟುದ್ದದ ಟೇಪು ದಂಡ. ಗುಂಪುಗುಂಪಾಗಿ ಬೆಳೆಯುವ ಬಂದರೆಗೆ ಆ ವಿಧಾನವೂ ಸರಿಹೋಗದು, ಸಾಂದ್ರತೆ ಕಡಿಮೆ ತೋರಿಸುತ್ತದೆ.