ಲಿಂಕ್ಡ್‌ಇನ್ ಪೇಜ್‌ಗೆ ಫಾಲೋವರ್ಸ್: ಒಂದು ವರ್ಷ ಬೇರೆ ಬೇರೆ ದಾರಿ ಹಿಡಿದು ನೋಡಿದ ಮೇಲೆ

ನಮ್ಮದು ಐದು ಜನರ ಸಣ್ಣ ಕಂಪನಿ. ಗೋಡೌನ್‌ಗಳಿಗೆ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ನಮಗೆ ಬೇಕಾದವರು ಯಾರು ಅನ್ನೋದು ಮೊದಲಿನಿಂದಲೂ ಗೊತ್ತಿತ್ತು. ಸ್ಟೋರ್ ಮ್ಯಾನೇಜರ್‌ಗಳು, ಖರೀದಿ ವಿಭಾಗದವರು, ಸಣ್ಣ ಡಿಸ್ಟ್ರಿಬ್ಯೂಟರ್‌ಗಳು. ಇವರೆಲ್ಲ ಲಿಂಕ್ಡ್‌ಇನ್‌ನಲ್ಲಿ ಸಿಗುತ್ತಾರೆ. ಆದರೆ ಪೇಜ್ ತೆರೆದು ಎಂಟು ತಿಂಗಳಾದರೂ ನಮ್ಮ ಫಾಲೋವರ್ಸ್ 140 ದಾಟಿರಲಿಲ್ಲ. ಅವರಲ್ಲಿ ಹೆಚ್ಚಿನವರು ಹಳೆಯ ಸಹಪಾಠಿಗಳು, ನೆಂಟರು, ಹಿಂದಿನ ಆಫೀಸಿನವರು. ಪ್ರೀತಿಯಿಂದ ಬಂದವರೇ, ಆದರೆ ಅವರ ಬಳಿ ಗೋಡೌನ್ ಇಲ್ಲ.

ಅಲ್ಲಿಂದ ಒಂದು ವರ್ಷ ಒಂದೊಂದೇ ದಾರಿ ಹಿಡಿದು ನೋಡಿದೆವು. ಪ್ರತಿ ಸಲವೂ ಎರಡು ವಿಷಯ ಬರೆದಿಟ್ಟುಕೊಂಡೆ. ಹೊಸದಾಗಿ ಎಷ್ಟು ಜನ ಬಂದರು? ಅವರಲ್ಲಿ ನಮ್ಮ ಕೆಲಸಕ್ಕೆ ಹೊಂದುವವರು ಎಷ್ಟು? ಎರಡನೆಯದನ್ನು ತಿಳಿಯುವುದು ಕಷ್ಟವಿಲ್ಲ. ಫಾಲೋವರ್ಸ್ ಯಾವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ, ಯಾವ ಹಂತದಲ್ಲಿದ್ದಾರೆ, ಯಾವ ಉದ್ಯಮದವರು, ಅವರ ಕಂಪನಿ ಎಷ್ಟು ದೊಡ್ಡದು ಎಂದು ಪೇಜ್‌ನ ಅನಲಿಟಿಕ್ಸ್ ವಿಭಾಗವೇ ಹೇಳುತ್ತದೆ. ಮೊದಲ ಲೆಕ್ಕ ಮಾತ್ರ ನೋಡಿದ್ದರೆ ನಾವು ಬಹುಶಃ ತಪ್ಪು ದಾರಿಯನ್ನೇ ಆರಿಸಿಕೊಳ್ಳುತ್ತಿದ್ದೆವು.

ಮೊದಲು ಹೋಲಿಸಿದ್ದು ಕಂಪನಿ ಪೇಜ್ ಮತ್ತು ನನ್ನ ಸ್ವಂತ ಪ್ರೊಫೈಲ್. ಹತ್ತು ಬರಹ ತಯಾರು ಮಾಡಿದೆ. ಐದನ್ನು ಮೊದಲು ಪೇಜ್‌ನಿಂದ ಹಾಕಿ, ಎರಡು ವಾರ ಬಿಟ್ಟು ಪ್ರೊಫೈಲ್‌ನಿಂದ ಹಾಕಿದೆ. ಉಳಿದ ಐದನ್ನು ತಿರುವುಮುರುವು ಮಾಡಿದೆ. ವಾರದ ದಿನ, ಹೊತ್ತು, ಬರಹ ಎಲ್ಲವೂ ಒಂದೇ.

ಅದರಲ್ಲಿ ಒಂದು ಬರಹ ಹೀಗಿತ್ತು. ಕಂಪ್ಯೂಟರ್‌ನಲ್ಲಿ 48 ಪೆಟ್ಟಿಗೆ, ರ‍್ಯಾಕ್‌ನಲ್ಲಿ ಎಣಿಸಿದರೆ 45. ಉಳಿದ ಮೂರು ಎಲ್ಲಿ ಹೋದವು? ಒಂದು ಪಕ್ಕದ ರ‍್ಯಾಕ್‌ನಲ್ಲಿತ್ತು. ಇನ್ನೊಂದು ಬಿಲ್ ಆಗುವ ಮೊದಲೇ ಗಾಡಿ ಹತ್ತಿತ್ತು. ಮತ್ತೊಂದು ಒಡೆದಿತ್ತು, ಪಕ್ಕಕ್ಕಿಟ್ಟವರು ಅದನ್ನು ಎಲ್ಲೂ ಬರೆದಿರಲಿಲ್ಲ. ಇದನ್ನು ಪೇಜ್‌ನಿಂದ ಹಾಕಿದಾಗ ನಾಲ್ಕು ಲೈಕ್ ಬಂತು. ನಾಲ್ಕೂ ನಮ್ಮ ತಂಡದವರದ್ದೇ. ಪ್ರೊಫೈಲ್‌ನಿಂದ ಹಾಕಿದಾಗ ಇಪ್ಪತ್ತಕ್ಕೂ ಜಾಸ್ತಿ ಕಾಮೆಂಟ್ ಬಂದವು. ನನಗೆ ಪರಿಚಯವೇ ಇಲ್ಲದ ಸ್ಟೋರ್ ಮ್ಯಾನೇಜರ್‌ಗಳು ತಮ್ಮ ಗೋಡೌನ್‌ನಲ್ಲಿ ನಡೆದದ್ದನ್ನು ಬರೆದರು. ಒಬ್ಬರು ವಾಪಸ್ ಬಂದ ಮಾಲನ್ನು ಎಂಟ್ರಿ ಮಾಡದೆ ಬಿಡುವುದೇ ತಮ್ಮಲ್ಲಿ ದೊಡ್ಡ ತೊಂದರೆ ಎಂದರು. ಅಕ್ಷರ ಅಕ್ಷರವೂ ಅದೇ ಬರಹ, ಆದರೆ ಫಲ ಇಷ್ಟು ಬೇರೆ.

ಯೋಚಿಸಿದರೆ ಇದು ಸಹಜವೇ. 2003ರಲ್ಲಿ ಶುರುವಾದ ದಿನದಿಂದಲೂ ಲಿಂಕ್ಡ್‌ಇನ್ ಮನುಷ್ಯರ ಪ್ರೊಫೈಲ್‌ಗಳನ್ನು ಒಂದಕ್ಕೊಂದು ಬೆಸೆಯುವ ಜಾಲ. ನನ್ನ ಪರಿಚಯದವರೊಬ್ಬರು ನನ್ನ ಪೋಸ್ಟ್‌ಗೆ ಕಾಮೆಂಟ್ ಹಾಕಿದರೆ, ಅದು ಅವರ ಪರಿಚಯದವರ ಫೀಡ್‌ಗೂ ಹೋಗಬಹುದು. ಪೇಜ್ ಹಾಗಲ್ಲ. ಅದು ತಾನಾಗಿ ಯಾರಿಗೂ ಕನೆಕ್ಷನ್ ರಿಕ್ವೆಸ್ಟ್, ಅಂದರೆ ಪರಸ್ಪರ ಜೋಡಿಯಾಗೋಣ ಎಂಬ ಕೋರಿಕೆ, ಕಳಿಸಲಾರದು. ಫಾಲೋವರ್ಸ್ ಕಡಿಮೆ ಇದ್ದಾಗ ಮಾತು ಆ ಸಣ್ಣ ವಲಯದಲ್ಲೇ ಸುತ್ತುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಜನ ಮನುಷ್ಯರ ಹತ್ತಿರ ಮಾತಾಡುತ್ತಾರೆ, ಲೋಗೋ ಹತ್ತಿರ ಅಲ್ಲ. ‘ಹೆಮ್ಮೆಯಿಂದ ತಿಳಿಸುತ್ತಿದ್ದೇವೆ’ ಎಂದು ಶುರುವಾಗುವ ಪೋಸ್ಟ್‌ಗೆ ಯಾರಾದರೂ ತಮ್ಮ ಕಷ್ಟ ಹೇಳಿಕೊಂಡದ್ದನ್ನು ನಾನು ನೋಡಿಲ್ಲ.

ಹಾಗಾದರೆ ಪೇಜ್ ಬಿಟ್ಟು ಪ್ರೊಫೈಲ್ ಒಂದನ್ನೇ ಬೆಳೆಸಿದರೆ ಸಾಕಲ್ವಾ? ನನಗೂ ಹಾಗೇ ಅನ್ನಿಸಿತ್ತು. ಎರಡು ತಿಂಗಳು ಹಾಗೇ ಮಾಡಿದೆ. ನನ್ನ ಕನೆಕ್ಷನ್‌ಗಳು ಚೆನ್ನಾಗಿ ಬೆಳೆದವು, ಪೇಜ್ ಇದ್ದಲ್ಲೇ ಉಳಿಯಿತು. ಬರಹ ಓದಿದವರು ನನ್ನನ್ನು ಫಾಲೋ ಮಾಡಿ ಮುಂದೆ ಹೋದರು. ಪೇಜ್‌ವರೆಗೆ ಬರಲು ಅವರಿಗೆ ಕಾರಣವೇ ಇರಲಿಲ್ಲ. ಕಂಪನಿಯ ದೃಷ್ಟಿಯಿಂದ ಇದು ಅಪಾಯವೂ ಹೌದು. ನಾಳೆ ನಾನು ಆ ಕೆಲಸದಲ್ಲಿ ಇಲ್ಲದಿದ್ದರೆ ಆ ಎಲ್ಲ ನಂಟು ನನ್ನ ಜೊತೆಯೇ ಹೋಗುತ್ತದೆ. ಇನ್ನೊಂದು ವಿಷಯವೂ ಇದೆ. ಪ್ರೊಫೈಲ್‌ಗೆ 30,000 ಕನೆಕ್ಷನ್‌ಗಳ ಮಿತಿ ಇದೆ, ಫಾಲೋವರ್ಸ್‌ಗೆ ಅಂಥ ಮಿತಿ ಇಲ್ಲ. ನಮ್ಮಂಥವರು ಆ ಗಡಿ ಮುಟ್ಟುವುದು ದೂರದ ಮಾತು, ಬಿಡಿ.

ದಾರಿ ಸಿಕ್ಕಿದ್ದು ಒಂದು ಪಿಡಿಎಫ್‌ನಿಂದ. ಸ್ಟಾಕ್ ಎಣಿಕೆ ಹೇಗೆ ಮಾಡಬೇಕು ಅನ್ನೋದನ್ನು ಏಳು ಪುಟಗಳಲ್ಲಿ ಬರೆದು ಪೇಜ್‌ನಲ್ಲಿ ಡಾಕ್ಯುಮೆಂಟ್ ಪೋಸ್ಟ್ ಆಗಿ ಹಾಕಿದೆವು. ಎಣಿಸುವವರು ಒಬ್ಬರು, ಬರೆಯುವವರು ಇನ್ನೊಬ್ಬರು. ಎಣಿಕೆ ಮುಗಿಯುವ ತನಕ ಮಾಲು ಒಳಗೆ ಬರಬಾರದು, ಹೊರಗೆ ಹೋಗಬಾರದು. ಕಂಪ್ಯೂಟರ್‌ನಲ್ಲಿ ಇರುವ ಸಂಖ್ಯೆಯನ್ನು ಎಣಿಸುವವರಿಗೆ ಮೊದಲೇ ತೋರಿಸಬಾರದು. ಹೀಗೆ ನೇರ ಕೆಲಸಕ್ಕೆ ಬರುವ ಮಾತುಗಳು ಮಾತ್ರ. ಆಮೇಲೆ ನನ್ನ ಪ್ರೊಫೈಲ್‌ನಿಂದ ಆ 48 ಪೆಟ್ಟಿಗೆಯಂಥ ಇನ್ನೊಂದು ಕಥೆ ಬರೆದು, ಪೇಜ್‌ನ ಹೆಸರನ್ನು ಟ್ಯಾಗ್ ಮಾಡಿ, ಪೂರ್ತಿ ಪಟ್ಟಿ ಅಲ್ಲಿದೆ ಎಂದೆ. ಆ ವಾರ ಪೇಜ್‌ಗೆ ಬಂದವರಲ್ಲಿ ಹೆಚ್ಚಿನವರು ನಮಗೆ ಬೇಕಾದವರೇ ಆಗಿದ್ದರು. ಮಾತು ಪ್ರೊಫೈಲ್‌ನಲ್ಲಿ, ಇಟ್ಟುಕೊಳ್ಳುವಂಥ ವಸ್ತು ಪೇಜ್‌ನಲ್ಲಿ. ನಮಗೆ ಕೆಲಸ ಮಾಡಿದ ಜೋಡಿ ಇದು.

ಎರಡನೇ ದೊಡ್ಡ ಹೋಲಿಕೆ ಇನ್ವೈಟ್‌ಗಳದ್ದು. ಪೇಜ್ ಅಡ್ಮಿನ್ ಆದವರು ತಮ್ಮ ಕನೆಕ್ಷನ್‌ಗಳಿಗೆ ‘ಪೇಜ್ ಫಾಲೋ ಮಾಡಿ’ ಎಂದು ಕರೆ ಕಳಿಸಬಹುದು. ಇದಕ್ಕೆ ತಿಂಗಳಿಗೆ 250 ಕ್ರೆಡಿಟ್ ಸಿಗುತ್ತದೆ. ಅದು ಒಬ್ಬೊಬ್ಬರಿಗೆ 250 ಅಲ್ಲ, ಪೇಜ್‌ನ ಎಲ್ಲ ಅಡ್ಮಿನ್‌ಗಳಿಗೂ ಸೇರಿಸಿ. ಕಳಿಸಿದ ಒಂದೊಂದು ಕರೆಗೂ ಒಂದು ಕ್ರೆಡಿಟ್ ಹೋಗುತ್ತದೆ. ಆ ವ್ಯಕ್ತಿ ಒಪ್ಪಿಕೊಂಡರೆ ಕ್ರೆಡಿಟ್ ವಾಪಸ್ ಬರುತ್ತದೆ.

ಈ ವಾಪಸ್ ಬರುವ ಲೆಕ್ಕವನ್ನು ನಾನು ಮೊದಲ ತಿಂಗಳು ಸರಿಯಾಗಿ ಗಮನಿಸಲಿಲ್ಲ. ಪಟ್ಟಿ ತೆರೆದು, ಮೇಲಿನಿಂದ ಕೆಳಗೆ ಟಿಕ್ ಹಾಕುತ್ತಾ ಹೋಗಿ ಮೊದಲ ದಿನವೇ 250 ಮುಗಿಸಿದೆ. ಒಪ್ಪಿದವರು ಬಹಳ ಕಡಿಮೆ. ಯಾವಾಗಲೋ ಕನೆಕ್ಟ್ ಆಗಿ ಮರೆತುಹೋದವರಿಗೆ ಕರೆ ಹೋದರೆ ಅವರೇಕೆ ಬರುತ್ತಾರೆ? ಮುಂದಿನ ತಿಂಗಳು ಬೇರೆ ರೀತಿ ಮಾಡಿದೆವು. ಕಳೆದ ಕೆಲವು ವಾರಗಳಲ್ಲಿ ನನ್ನ ಪೋಸ್ಟ್‌ಗೆ ಕಾಮೆಂಟ್ ಹಾಕಿದವರು, ಮೆಸೇಜ್ ಮಾಡಿದವರು, ಹೊಸದಾಗಿ ಕನೆಕ್ಟ್ ಆದವರು, ಇಷ್ಟೇ ಜನರಿಗೆ ಕಳಿಸಿದೆವು. ಅದೂ ಒಂದೇ ದಿನ ಅಲ್ಲ, ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ. ನೂರು ಜನರಿಗೆ ಕಳಿಸಿ ಅರವತ್ತು ಜನ ಒಪ್ಪಿದರೆ ಖರ್ಚಾಗಿದ್ದು ನಲವತ್ತು ಕ್ರೆಡಿಟ್ ಮಾತ್ರ. ಹಾಗಾಗಿ ಆರಿಸಿ ಕಳಿಸುವವರಿಗೆ 250 ಅನ್ನೋದು ಆ ತಿಂಗಳ ಗಡಿಯೇ ಆಗಿರುವುದಿಲ್ಲ. ಸುಮ್ನೆ ಎಲ್ಲರಿಗೂ ಕಳಿಸುವವರಿಗೆ ಅದು ಮೊದಲ ದಿನವೇ ಮುಗಿಯುತ್ತದೆ.

ಒಂದೇ ಸೌಲಭ್ಯವನ್ನು ಎರಡು ರೀತಿ ಬಳಸಿದಾಗ ಇಷ್ಟು ವ್ಯತ್ಯಾಸ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ದುಡ್ಡು ಹಾಕದೆ ಮಾಡಿದ್ದರಲ್ಲಿ ನಮಗೆ ಜಾಸ್ತಿ ಫಲ ಕೊಟ್ಟದ್ದು ಈ ಎರಡನೇ ರೀತಿಯೇ. ಆದರೆ ಅದು ಒಂಟಿಯಾಗಿ ನಡೆಯುವುದಿಲ್ಲ. ಪ್ರೊಫೈಲ್‌ನಲ್ಲಿ ಮಾತುಕತೆ ನಿಂತ ತಿಂಗಳು ಕರೆ ಕಳಿಸಲು ಹೊಸ ಹೆಸರುಗಳೇ ಇರಲಿಲ್ಲ.

ದುಡ್ಡು ಹಾಕಿದ್ದೂ ಇದೆ. ಫಾಲೋವರ್ ಆ್ಯಡ್ ಎಂಬ ಜಾಹೀರಾತು ನೋಡುವವರ ಫೋಟೊವನ್ನು ನಿಮ್ಮ ಲೋಗೋ ಪಕ್ಕದಲ್ಲಿ ಇಟ್ಟು ಫಾಲೋ ಮಾಡಲು ಕೇಳುತ್ತದೆ. ಇದು ಕಂಪ್ಯೂಟರ್ ಪರದೆಯ ಬಲಬದಿಯಲ್ಲಿ ಬರುತ್ತದೆ, ಫೋನ್‌ನಲ್ಲಿ ಕಾಣಿಸುವುದಿಲ್ಲ. ನಮ್ಮ ಜನ ದಿನವಿಡೀ ಗೋಡೌನ್‌ನಲ್ಲಿ ಓಡಾಡುವವರು, ಲಿಂಕ್ಡ್‌ಇನ್ ನೋಡುವುದು ಫೋನ್‌ನಲ್ಲೇ. ಹಾಗಾಗಿ ನಮಗೆ ಇದು ಅಷ್ಟಾಗಿ ಹೊಂದಲಿಲ್ಲ. ಮೇಜಿನ ಮುಂದೆ ಕೂತು ಕೆಲಸ ಮಾಡುವವರು ನಿಮ್ಮ ಗಿರಾಕಿಗಳಾದರೆ ಮಾತು ಬೇರೆ. ಆಮೇಲೆ ಚೆನ್ನಾಗಿ ಓಡಿದ ಪೋಸ್ಟ್ ಒಂದಕ್ಕೇ ದುಡ್ಡು ಹಾಕಿ ಫೀಡ್‌ನಲ್ಲಿ ಓಡಿಸಿದೆವು. ಇದು ಅದಕ್ಕಿಂತ ಪರವಾಗಿಲ್ಲ ಅನ್ನಿಸಿತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಯಾರಿಗೆ ತೋರಿಸಬೇಕು ಎಂದು ಆರಿಸುವ ಜಾಗದಲ್ಲಿ ‘ಆಡಿಯನ್ಸ್ ಎಕ್ಸ್‌ಪ್ಯಾನ್ಶನ್’ ಎಂಬ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ನೀವು ಆರಿಸಿದವರನ್ನು ಹೋಲುವ ಬೇರೆಯವರಿಗೂ ಜಾಹೀರಾತು ಹೋಗುತ್ತದೆ. ಅದನ್ನು ಆಫ್ ಮಾಡಿದ ಮೇಲೆ ಬಂದವರ ಸಂಖ್ಯೆ ಕಡಿಮೆಯಾಯಿತು, ಬಂದವರಲ್ಲಿ ಹೊಂದುವವರು ಜಾಸ್ತಿಯಾದರು. ದುಡ್ಡು ನಿಲ್ಲಿಸಿದ ದಿನ ಬರುವವರೂ ನಿಂತರು.

ನಾನು ನಿಜವಾಗಿ ನೊಂದುಕೊಂಡದ್ದು ಲೈಕ್ ಗುಂಪಿನ ವಿಷಯದಲ್ಲಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಒಂದು ಗುಂಪು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಪೋಸ್ಟ್‌ನ ಲಿಂಕ್ ಹಾಕಬೇಕು, ಉಳಿದವರು ಲೈಕ್ ಮಾಡಿ ಕಾಮೆಂಟ್ ಬರೆಯಬೇಕು, ಪೇಜ್‌ಗಳನ್ನು ಪರಸ್ಪರ ಫಾಲೋ ಮಾಡಬೇಕು. ಎರಡು ವಾರ ಇದ್ದೆ. ಸಂಖ್ಯೆ ಏರಿತು, ಮೊದಲ ನೋಟಕ್ಕೆ ಖುಷಿಯೂ ಆಯಿತು. ಅನಲಿಟಿಕ್ಸ್ ತೆರೆದರೆ ಅಲ್ಲಿದ್ದವರು ಜೀವನ ಕೌಶಲದ ತರಬೇತುದಾರರು, ವಿನ್ಯಾಸಕಾರರು, ನೇಮಕಾತಿ ಏಜೆಂಟರು. ನಮ್ಮ ಪೋಸ್ಟ್ ಕೆಳಗೆ ‘ತುಂಬಾ ಚೆನ್ನಾಗಿದೆ’ ಎಂಬ ಸಾಲುಗಳ ಮಧ್ಯೆ ಒಬ್ಬ ಸ್ಟೋರ್ ಸೂಪರ್‌ವೈಸರ್ ಕೇಳಿದ ನಿಜವಾದ ಪ್ರಶ್ನೆ ಮುಚ್ಚಿಹೋಗಿತ್ತು. ಮೂರು ದಿನ ನಾನು ಅದನ್ನು ನೋಡಿರಲಿಲ್ಲ. ನೋಡಿದ ದಿನ ಸಂಜೆಯೇ ಗುಂಪಿನಿಂದ ಹೊರಬಂದೆ. ದುಡ್ಡು ಕೊಟ್ಟರೆ ಸಾವಿರ ಫಾಲೋವರ್ಸ್ ಕೊಡಿಸುತ್ತೇವೆ ಎಂದು ಬಂದ ಮೆಸೇಜ್‌ಗಳಿಗೆ ಉತ್ತರ ಕೊಡಲಿಲ್ಲ. ಲಿಂಕ್ಡ್‌ಇನ್ ನಿಯಮಗಳ ಪ್ರಕಾರ ಸುಳ್ಳು ಖಾತೆಗಳು, ತಾನಾಗಿ ರಿಕ್ವೆಸ್ಟ್ ಕಳಿಸುವ ಬಾಟ್‌ಗಳು ಎಲ್ಲವೂ ನಿಷಿದ್ಧ. ಬಳಸಿದವರ ಖಾತೆಗೇ ನಿರ್ಬಂಧ ಬೀಳಬಹುದು.

ತಂಡದವರ ಪ್ರೊಫೈಲ್ ಬಗ್ಗೆ ಒಂದು ಸಣ್ಣ ವಿಷಯ. ನಮ್ಮ ಐವರಲ್ಲಿ ಇಬ್ಬರು ತಮ್ಮ ಅನುಭವದ ಭಾಗದಲ್ಲಿ ಕಂಪನಿ ಹೆಸರನ್ನು ಟೈಪ್ ಮಾಡಿದ್ದರು, ಆದರೆ ಕೆಳಗೆ ತೆರೆದುಕೊಳ್ಳುವ ಪಟ್ಟಿಯಿಂದ ಆರಿಸಿರಲಿಲ್ಲ. ಹಾಗೆ ಮಾಡಿದರೆ ಹೆಸರು ಪೇಜ್‌ಗೆ ಜೋಡಣೆಯಾಗುವುದಿಲ್ಲ, ಲೋಗೋ ಬದಲು ಬರೀ ಬೂದು ಚೌಕ ಕಾಣುತ್ತದೆ. ಸರಿಪಡಿಸಲು ಎರಡು ನಿಮಿಷ ಸಾಕು. ನೀವೂ ಒಮ್ಮೆ ನೋಡಿಕೊಳ್ಳಿ.

ಕೊನೆಗೆ ನ್ಯೂಸ್‌ಲೆಟರ್. ಪೇಜ್‌ನಿಂದ ಮೊದಲ ಸಂಚಿಕೆ ಹೊರಟಾಗ ಈಗಿರುವ ಫಾಲೋವರ್ಸ್‌ಗೆ ಚಂದಾದಾರರಾಗಲು ಕರೆ ಹೋಗುತ್ತದೆ. ಚಂದಾದಾರರಾದವರಿಗೆ ಪ್ರತಿ ಸಂಚಿಕೆಯ ಸುದ್ದಿ ನೋಟಿಫಿಕೇಶನ್ ಆಗಿ, ಇಮೇಲ್ ಆಗಿ ತಲುಪುತ್ತದೆ. ಸಾಮಾನ್ಯ ಪೋಸ್ಟ್ ಜೊತೆ ಹೋಲಿಸಿದರೆ ಇದು ನಿಧಾನ. ನಮ್ಮ ಪೋಸ್ಟ್ ಎರಡು ಮೂರು ದಿನ ಓಡಾಡಿ ಸುಮ್ಮನಾಗುತ್ತಿತ್ತು. ನ್ಯೂಸ್‌ಲೆಟರ್‌ನ ಮೂರನೇ ಸಂಚಿಕೆ ಓದಿ ಬಂದವರು ಮೊದಲ ಎರಡನ್ನೂ ಹುಡುಕಿ ಓದಿದ್ದಾರೆ. ಆದರೆ ಸರಿಯಾದ ಫಾಲೋವರ್ಸ್ ಬರುವ ಮೊದಲೇ ಇದನ್ನು ಶುರು ಮಾಡಿದ್ದು ನಮ್ಮ ತಪ್ಪು. ಆ ಮೊದಲ ಕರೆ ಯಾರಿಗೆ ಹೋಯಿತು? ಸಹಪಾಠಿಗಳಿಗೆ, ನೆಂಟರಿಗೆ. ಪ್ರೊಫೈಲ್ ಮತ್ತು ಇನ್ವೈಟ್ ಮೂಲಕ ಸರಿಯಾದ ಜನ ಬಂದ ಮೇಲೆ ತೆಗೆದಿದ್ದರೆ ಆ ಕರೆ ಹೋಗಬೇಕಾದವರಿಗೆ ಹೋಗುತ್ತಿತ್ತು.

ಈಗ ನಮ್ಮ ವಾರ ಹೀಗಿದೆ. ಮಂಗಳವಾರ, ಗುರುವಾರ ನನ್ನ ಪ್ರೊಫೈಲ್‌ನಿಂದ ಒಂದೊಂದು ಕಥೆ. ಬರೆದ ಮೇಲೆ ಒಂದು ತಾಸು ಕಾಮೆಂಟ್‌ಗಳಿಗೆ ಉತ್ತರ ಕೊಡುತ್ತೇನೆ. ಆಗ ಬೇರೆ ಕೆಲಸ ಹಿಡಿಯುವುದಿಲ್ಲ. ಶುಕ್ರವಾರ ಆ ವಾರ ಮಾತಾಡಿದವರಿಗೆ ಇನ್ವೈಟ್. ತಿಂಗಳಿಗೊಂದು ನ್ಯೂಸ್‌ಲೆಟರ್. ಜಾಹೀರಾತು ಸದ್ಯಕ್ಕೆ ನಿಲ್ಲಿಸಿದ್ದೇವೆ. ಆ ಏಳು ಪುಟದ ಎಣಿಕೆ ಪಟ್ಟಿಯನ್ನು ಪೇಜ್‌ನ ಮೇಲ್ಭಾಗದಲ್ಲಿ ಪಿನ್ ಮಾಡಿ ಇಟ್ಟಿದ್ದೇವೆ. ಯಾವ ದಾರಿಯಿಂದ ಬಂದರೂ ಮೊದಲು ಕಾಣುವುದು ಅದೇ. ಮುಚ್ಚಿಹೋದ ಪ್ರಶ್ನೆ ಕೇಳಿದ್ದ ಆ ಸೂಪರ್‌ವೈಸರ್‌ಗೆ ನಾನು ತಡವಾಗಿ ಉತ್ತರ ಬರೆದಿದ್ದೆ. ಒಡೆದ ಮಾಲನ್ನು ಯಾವ ಲೆಕ್ಕಕ್ಕೆ ಹಾಕಬೇಕು ಅನ್ನೋದು ಅವರ ಪ್ರಶ್ನೆ. ಅದೀಗ ಆ ಪಟ್ಟಿಯ ಎಂಟನೇ ಪುಟ.