ಚಿಕ್ಕಮಗಳೂರಿನಲ್ಲಿ ಮಾಡೆಲ್ ಕಾರಿನ ಡಿಕಾಲ್ ತೆಗೆಸುವವರೇ, ಸ್ವಲ್ಪ ಹುಷಾರು

ಕೊಡಬೇಡಿ. ಮೊದಲೇ ಹೇಳಿಬಿಡುತ್ತೇನೆ, ಸ್ಟಿಕ್ಕರ್ ಅಂಗಡಿಯವರ ಕೈಗೆ ನಿಮ್ಮ ಮಾಡೆಲ್ ಕೊಡಬೇಡಿ. ಅವರು ಎಷ್ಟೇ ಚಂದ ಮಾತಾಡಲಿ, ಮೊಬೈಲಿನಲ್ಲಿ ಎಷ್ಟೇ ಫೋಟೋ ತೋರಿಸಲಿ.

ನಮ್ಮೂರಿನಲ್ಲಿ ಬೈಕಿಗೆ, ಕಾರಿಗೆ ಸ್ಟಿಕ್ಕರ್ ಹಾಕುವ ಒಬ್ಬ ಹುಡುಗ ಇದ್ದಾನೆ. ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೊಂದು ಜಗಳ. "ಸ್ಕೇಲ್ ಮಾಡೆಲ್ ಕೆಲಸಾನೂ ಮಾಡ್ತೀನಿ ಸಾರ್" ಅಂದ. ನನ್ನದು ತಮಿಯಾ ಕಂಪನಿಯ 1:24 (ಅಸಲಿ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲು ಅಳತೆಯ) ಸುಬಾರು ಇಂಪ್ರೆಜಾ ರ‍್ಯಾಲಿ ಕಾರು. ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ರ‍್ಯಾಲಿ ನೋಡಿ ಬೆಳೆದವರಿಗೆ ಆ ನೀಲಿ ಕಾರು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ ಅಲ್ವಾ. ಕಿಟ್ ಜೋಡಿಸಿ, ತಮಿಯಾದ್ದೇ ಟಿಎಸ್-50 ಮೈಕಾ ಬ್ಲೂ ಸ್ಪ್ರೇ ಹೊಡೆದಿದ್ದು ನಾನೇ. ಬಣ್ಣ ಇನ್ನೂ ಕನ್ನಡಿ ಥರ ಇತ್ತು. ಡಿಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಕ್ಷರ-ಚಿತ್ರ, ಮಾತ್ರ ಹಳತಾಗಿ ಬಿಳಿ ಅಕ್ಷರ ಹಳದಿ ತಿರುಗಿತ್ತು, ಅಂಚು ಎದ್ದಿತ್ತು. ಹಳೆಯದು ತೆಗೆದು, ಹೊರಗಿನಿಂದ ತರಿಸಿದ್ದ ಹೊಸ ಶೀಟ್ ಹಾಕಬೇಕು. ನನಗೆ ಈಗ ಸಣ್ಣ ಅಕ್ಷರ ಕೂರಿಸಲು ಕಣ್ಣು ಸಾಲದು. ಅದಕ್ಕೇ ಕೊಟ್ಟಿದ್ದು.

ಕೊಡುವಾಗ ಎದುರಿಗೇ ನಿಂತು ಹೇಳಿದ್ದೆ. "ಇದು ಪ್ಲಾಸ್ಟಿಕ್ಕು. ಡಿಕಾಲ್ ಮೇಲೆ ಕ್ಲಿಯರ್ ವಾರ್ನಿಶ್ ಹೊಡೆದಿಲ್ಲ. ನೀರು, ಟೇಪು ಬಿಟ್ಟು ಬೇರೇನೂ ಮುಟ್ಟಿಸಬೇಡಪ್ಪ."

"ಗೊತ್ತು ಸಾರ್, ಎಷ್ಟು ತೆಗೆದಿದ್ದೀನಿ ಇಂಥವು" ಅಂತ ಫೋಟೋ ತೋರಿಸಿದ. ಸಾಲು ಸಾಲು ಕಾರು, ಒಂದರ ಮೇಲೂ ಒಂದು ಗೀರಿಲ್ಲ.

ವಾಪಸ್ ತರಲು ಹೋದಾಗ ಕತ್ತಲಾಗಿತ್ತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗೇ ಕಂಡಿತು. ಬಾಕಿ ಹಣ ಫೋನ್‌ಪೇ ಮಾಡಿ, ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಬೆಳಿಗ್ಗೆ ಡಬ್ಬ ತೆರೆದ ಕೂಡಲೇ ಥಿನ್ನರ್ ವಾಸನೆ. ಅಲ್ಲೇ ಎದೆ ಧಸಕ್ ಅಂತು. ಬಿಸಿಲಿಗೆ ಹಿಡಿದರೆ ಬಾನೆಟ್ ಮೇಲೆ ಮಸುಕು ತೇಪೆ. ಬಾಗಿಲಿನ ಗೆರೆಗಳು ಅರ್ಧ ಕರಗಿ ಮುಚ್ಚಿಕೊಂಡಿವೆ. ಚಕ್ರದ ಮೇಲಿನ ಉಬ್ಬಿನಲ್ಲಿ ಬಣ್ಣ ಹೋಗಿ ಪ್ಲಾಸ್ಟಿಕ್ ಇಣುಕುತ್ತಿದೆ. ಕಿಟಕಿಗೆ ಮಂಜು ಕವಿದಿದೆ. ಹೊಸ ಡಿಕಾಲನ್ನು ಆ ತರಿ ತರಿ ಮೈ ಮೇಲೇ ಅಂಟಿಸಿದ್ದಾನೆ, ಒಳಗೆ ಗಾಳಿ ಸಿಕ್ಕಿಕೊಂಡು ಎಲ್ಲ ಬೆಳ್ಳಿ ಬೆಳ್ಳಿ ಹೊಳೆಯುತ್ತಿದೆ. ಡಿಕಾಲ್ ಕೂರಲು ಮೈ ನುಣುಪಾಗಿರಬೇಕು ಅನ್ನುವುದೂ ಗೊತ್ತಿಲ್ಲ ಇವನಿಗೆ.

ಫೋನ್ ಮಾಡಿದೆ. ಮೊದಲ ಉತ್ತರ: "ನಿಮ್ಮ ಪೇಂಟೇ ವೀಕ್ ಇತ್ತು ಸಾರ್."

ವೀಕ್ ಅಂತೆ! ಆಮೇಲೆ, "ನೀರಲ್ಲಿ ಬರಲಿಲ್ಲ, ಅದಕ್ಕೆ ಸ್ವಲ್ಪ ಎನ್‌ಸಿ ಥಿನ್ನರ್ ಮುಟ್ಟಿಸಿದೆ." ಸ್ವಲ್ಪ. ಟಿಎಸ್ ಸ್ಪ್ರೇ ಅಂದರೆ ಲ್ಯಾಕರ್, ಅದು ಕರಗುವುದೇ ಆ ಥಿನ್ನರಿನಲ್ಲಿ. ಕೆಳಗಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೂ ಅದು ಬಿಡುವುದಿಲ್ಲ. ಮತ್ತೆ ಆ ಫೋಟೋಗಳು? ಕೇಳಿದರೆ ನಿಧಾನಕ್ಕೆ ಬಾಯಿಬಿಟ್ಟ. ಅವೆಲ್ಲ ಡೈಕಾಸ್ಟ್! ಲೋಹದ ಕಾರುಗಳು. ಅವುಗಳ ಮೇಲಿನ ಅಕ್ಷರ ಬಹುಪಾಲು ಡಿಕಾಲೇ ಅಲ್ಲ, ಟ್ಯಾಂಪೋ, ಅಂದರೆ ಕಾರ್ಖಾನೆಯಲ್ಲೇ ಒತ್ತಿದ ಅಚ್ಚು. ಅದನ್ನು ಉಜ್ಜಿಯೇ ತೆಗೆಯಬೇಕು, ಲೋಹ ಕರಗುವುದೂ ಇಲ್ಲ. ಪ್ಲಾಸ್ಟಿಕ್ ಕಿಟ್ಟನ್ನು ಇವನು ಜನ್ಮದಲ್ಲಿ ಮುಟ್ಟಿರಲಿಲ್ಲ. ನನ್ನದೇ ಮೊದಲು.

ಕೊನೆಗೆ ಅಂದ ನೋಡಿ, "ಆಟದ ಕಾರು ತಾನೇ ಸಾರ್, ಬೇಕಿದ್ರೆ ಒಂದು ಹಾಟ್ ವೀಲ್ಸ್ ಕೊಡಿಸ್ತೀನಿ." ಫೋನ್ ಇಟ್ಟೆ. ಪಕ್ಕದಲ್ಲಿದ್ದ ಹೆಂಡತಿ ನಗು ತಡೆದುಕೊಳ್ಳುತ್ತಿದ್ದಳು, ಅದು ಬೇರೆ.

ಇಷ್ಟಕ್ಕೂ ಇದ್ದ ಕೆಲಸ ಎಷ್ಟು? ಮೇಲೆ ಕ್ಲಿಯರ್ ಇಲ್ಲದ ನೀರಿನ ಡಿಕಾಲ್ ತೆಗೆಯುವುದಕ್ಕಿಂತ ಸುಲಭದ ಕೆಲಸ ಇಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಟಿಶ್ಯೂ ನೆನೆಸಿ ಮೇಲಿಟ್ಟು ಸುಮ್ನೆ ಕಾಯಬೇಕು. ಒಣಗಿ ಹಟ ಹಿಡಿದಿದ್ದರೆ ಮೈಕ್ರೋ ಸೋಲ್ ಥರದ ಡಿಕಾಲ್ ಮೆತ್ತಗೆ ಮಾಡುವ ದ್ರವ, ಅದಿಲ್ಲದಿದ್ದರೆ ಬಿಳಿ ವಿನಿಗರ್. ಮೆತ್ತಗಾದ ಮೇಲೆ ಮಾಸ್ಕಿಂಗ್ ಟೇಪು. ಟೇಪನ್ನು ಮೊದಲು ಅಂಗೈಗೆ ಅಂಟಿಸಿ ಕಿತ್ತು ಅಂಟು ಕಮ್ಮಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬಣ್ಣವೂ ಜೊತೆಗೆ ಬರುತ್ತದೆ. ಮೇಲೆ ಕ್ಲಿಯರ್ ಇದ್ದರೆ ಮಾತ್ರ ತಾಪತ್ರಯ. ನೀರು ಒಳಗೆ ಇಳಿಯುವುದಿಲ್ಲ, 2000 ನಂಬರಿನ ವಾಟರ್ ಪೇಪರ್ (ನಯವಾದ ಉಪ್ಪು ಕಾಗದ) ಹಿಡಿದು ನಿಧಾನಕ್ಕೆ ಉಜ್ಜಬೇಕು.

ಹಾಸನದಲ್ಲಿರುವ ನನ್ನ ಗೆಳೆಯನಿಗೂ ಇವನ ನಂಬರ್ ಕೊಟ್ಟಿದ್ದೆ. ಅವನದು 1:72 ಮಿಗ್-21 ಯುದ್ಧವಿಮಾನದ ಮಾಡೆಲ್, ಅಕ್ರಿಲಿಕ್ ಬಣ್ಣ. ಫೋನ್ ಮಾಡಿ ತಡೆದೆ. ಪುಣ್ಯಾತ್ಮ ಅಷ್ಟರಲ್ಲಿ ತಾನೇ ಸರ್ಜಿಕಲ್ ಸ್ಪಿರಿಟ್ ತಂದಿಟ್ಟುಕೊಂಡಿದ್ದ! ಅಕ್ರಿಲಿಕ್‌ಗೆ ಸ್ಪಿರಿಟ್ಟೂ ಆಗದು, ಬಣ್ಣವೇ ಎದ್ದು ಬರುತ್ತದೆ. ನೇಲ್ ಪಾಲಿಶ್ ರಿಮೂವರ್ ಅಂತೂ ಹತ್ತಿರ ತರಲೇಬೇಡಿ, ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ.

ಯಾರಿಗಾದರೂ ಕೊಡಲೇಬೇಕು ಅಂದರೆ ಅವರು ಮಾಡಿದ ಪ್ಲಾಸ್ಟಿಕ್ ಕಿಟ್ಟನ್ನೇ ಕೈಯಲ್ಲಿ ಹಿಡಿದು ನೋಡಿ. ಫೋಟೋ ಬೇಡ. ಹಗಲು ಹೊತ್ತಲ್ಲೇ ವಾಪಸ್ ತಗೊಳ್ಳಿ. ಬಾಕಿ ಹಣ ಆಮೇಲೆ.

ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಹೊಸ ಶೀಟಿನಲ್ಲಿ ಉಳಿದ ಡಿಕಾಲುಗಳೂ ಅವನ ಹತ್ತಿರವೇ ಇವೆ. ಕೇಳಿದರೆ "ಹುಡುಕ್ತೀನಿ ಸಾರ್" ಅನ್ನುತ್ತಾನೆ.