ಕೌನ್ಸಿಲ್‌ನ ಲೈಸೆನ್ಸಿಂಗ್ ವಿಭಾಗ: ಮದ್ಯಕ್ಕೆ ಗಟ್ಟಿ, ಜೂಜಿಗೆ ಕೈಕಟ್ಟು

ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯಿತು. ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ನೋಡಿಕೊಳ್ಳುವುದು ಕಸ ಮತ್ತು ತೆರಿಗೆ ಅಂತಷ್ಟೇ ಗೊತ್ತಿತ್ತು. ಕಳೆದ ವರ್ಷ, ಮದ್ಯ ಮತ್ತು ಜೂಜಿನ ಅಂಗಡಿಗಳಿಗೆ ಪರವಾನಗಿ ಕೊಡುವ ನಮ್ಮ ಕೌನ್ಸಿಲ್‌ನ ಲೈಸೆನ್ಸಿಂಗ್ ವಿಭಾಗಕ್ಕೆ ಎರಡು ಸಲ ಹೋಗಬೇಕಾಯಿತು.

ಮೊದಲನೆಯದು ಮನೆ ಹತ್ತಿರದ ಅಂಗಡಿ ವಿಷಯ. ಇಬ್ಬರು ಹುಡುಗರು, ಬ್ಯಾಗಿನಿಂದ ಶಾಲೆಯ ಟೈ ಇಣುಕುತ್ತಿದೆ, ಕೌಂಟರಿನವನು ಮುಖವನ್ನೂ ನೋಡದೆ ಸೈಡರ್ (ಸೇಬಿನ ಮದ್ಯ) ಬಾಟಲಿ ಕೊಟ್ಟು ಚಿಲ್ಲರೆ ಎಣಿಸಿದ. ಅದು ನನ್ನ ಮಗಳ ಶಾಲೆಯದೇ ಟೈ. ಸುಮ್ನೆ ಇರಲು ಮನಸ್ಸು ಬರಲಿಲ್ಲ.

ಆನ್‌ಲೈನ್ ಫಾರಂ ತುಂಬಿದೆ. ಹತ್ತು ದಿನ ಉತ್ತರವೇ ಇಲ್ಲ, ಇದು ದೊಡ್ಡ ಕೊರತೆ. ಫೋನ್ ಮಾಡಿದ ಮೇಲೆ ಸಿಕ್ಕ ಅಧಿಕಾರಿ ಮಾತ್ರ ತುಂಬಾ ಒಳ್ಳೆಯವರು. ಯಾವ ದಿನ, ಎಷ್ಟು ಗಂಟೆ, ಎಷ್ಟು ಬಾಟಲಿ, ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ವ್ಯಾಪಾರ ನಿಯಮಗಳನ್ನು ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ನವರು ಪರೀಕ್ಷೆಗೆಂದು 18 ತುಂಬದ ಒಬ್ಬ ಸ್ವಯಂಸೇವಕನನ್ನು ಮದ್ಯ ಖರೀದಿಗೆ ಕಳಿಸಿದರು, ಅಂಗಡಿಯವನು ಕೊಟ್ಟೇಬಿಟ್ಟ. ಕೆಲವು ವಾರ ಬಿಟ್ಟು ಮತ್ತೆ ಕಳಿಸಿದರು, ಮತ್ತೆ ಕೊಟ್ಟ. ಮೂರು ತಿಂಗಳೊಳಗೆ ಎರಡು ಸಲ ಮಾರಿದರೆ ಅದೇ ಬೇರೆ ಅಪರಾಧ. ಲೈಸೆನ್ಸ್ ಮರುಪರಿಶೀಲನೆ ಆಗುತ್ತಿದೆ ಅಂತ ಅಂಗಡಿಯ ಬಾಗಿಲಿಗೆ ತಿಳಿನೀಲಿ ನೋಟಿಸ್ ಬಂತು, 28 ದಿನ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ನಾನೂ ಬರೆದೆ. ಮೂವರು ಕೌನ್ಸಿಲರ್‌ಗಳ ಮುಂದೆ ವಿಚಾರಣೆ ನಡೆಯಿತು. ಆರು ವಾರ ಲೈಸೆನ್ಸ್ ಅಮಾನತು, ಜೊತೆಗೆ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳಲೇಬೇಕು, ನಿರಾಕರಿಸಿದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು ಅನ್ನುವ ಷರತ್ತು. ನನಗೆ ಒಂದು ಪೈಸೆ ಖರ್ಚಾಗಲಿಲ್ಲ.

ಎರಡನೆಯದು ಜೂಜು. ಪೇಟೆ ಬೀದಿಯಲ್ಲಿ ಆಗಲೇ ಮೂರು ಬೆಟ್ಟಿಂಗ್ ಅಂಗಡಿಗಳಿವೆ, ಅದರ ಪಕ್ಕದಲ್ಲೇ ಸ್ಲಾಟ್ ಮಷೀನ್‌ಗಳ ಅಂಗಡಿಗೆ ಅರ್ಜಿ ಬಂತು. 'ಈಗಾಗಲೇ ಜಾಸ್ತಿ ಆಗಿದೆ' ಅಂತ ಆಕ್ಷೇಪ ಬರೆದೆ. ಆ ಕಾರಣ ನಡೆಯುವುದಿಲ್ಲವಂತೆ! 2005ರ ಜೂಜು ಕಾಯ್ದೆ ಪ್ರಕಾರ ಊರಿಗೆ ಬೇಕೋ ಬೇಡವೋ ಅನ್ನುವುದನ್ನು ಕೌನ್ಸಿಲ್ ನೋಡುವ ಹಾಗೇ ಇಲ್ಲ, ನಿಯಮ ಪಾಲಿಸಿದರೆ ಅನುಮತಿ ಕೊಡುವ ಕಡೆಗೇ ವಾಲಬೇಕು. ಮಕ್ಕಳಿಗೆ, ದುರ್ಬಲರಿಗೆ ಹಾನಿ ಆಗುತ್ತದೆ ಅಂತ ಪುರಾವೆ ಸಮೇತ ಹೇಳಿದರೆ ಮಾತ್ರ ತೂಕ. ಅಧಿಕಾರಿ ಇದನ್ನು ಮುಚ್ಚಿಡದೆ ಹೇಳಿದರು, ಶಾಲೆ ಎಷ್ಟು ದೂರ, ಮಕ್ಕಳು ಯಾವ ಹೊತ್ತಿಗೆ ಆ ದಾರಿಯಲ್ಲಿ ಓಡಾಡುತ್ತಾರೆ ಅಂತ ಬರೆಯಿರಿ ಎಂದರು. ಬರೆದೆ. ಅನುಮತಿ ಸಿಕ್ಕಿತು, ಆದರೆ ಮಷೀನ್‌ಗಳು ಬೀದಿಗೆ ಕಾಣಬಾರದು ಅನ್ನುವ ಷರತ್ತಿನ ಮೇಲೆ.

ಇಲ್ಲಿ ನನ್ನ ಸಿಟ್ಟು ಬೇರೆ ಕಾರಣಕ್ಕೆ. ಕೌನ್ಸಿಲ್ ತನ್ನ ಜೂಜು ನೀತಿಯನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಪ್ರಕಟಿಸಲೇಬೇಕು, ಅದಕ್ಕೆ ಮುಂಚೆ ಜನರನ್ನೂ ಕೇಳಬೇಕು. ನಮ್ಮೂರ ವಿಷಯ ಬಾಯಿಬಿಟ್ಟು ಹೇಳಬೇಕಾದ ಹೊತ್ತು ಅದೇ ಅಲ್ವಾ? ಇವರು ಕರಡನ್ನು ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇಟ್ಟು ಮುಗಿಸಿದ್ದರು. ಲೈಬ್ರರಿಯಲ್ಲಿ ಒಂದು ಹಾಳೆ ಇಲ್ಲ, ಶಾಲೆಗೆ ಒಂದು ಪತ್ರ ಇಲ್ಲ. ನಿಮ್ಮ ಕೌನ್ಸಿಲ್‌ನ ನೀತಿ ಯಾವ ವರ್ಷದ್ದು ಅಂತ ಇವತ್ತೇ ನೋಡಿಕೊಳ್ಳಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಆ ಅಧಿಕಾರಿಯ ತಾಳ್ಮೆಗೆ.

ಅಂಗಡಿ ಈಗ ತೆರೆದಿದೆ. ಮೊನ್ನೆ ಹಾಲು ತರಲು ಹೋದಾಗ ನಿರಾಕರಣೆ ಪುಸ್ತಕ ಕೌಂಟರಿನ ಮೇಲೇ ಬಿಚ್ಚಿತ್ತು. ಆ ಪುಟದಲ್ಲಿ ಏಳು ಸಾಲು ತುಂಬಿದ್ದವು.